ಹತ್ತು ಸಾವಿರದಲ್ಲಿ ಒಂದು

ನಮ್ಮ ಆಯುರ್ವೇದ ಗ್ರಂಥಗಳು ದೇಹವನ್ನು ಧರಿಸಿರುವ ಧಾತುಗಳನ್ನು ಏಳೆಂದು ಎಣಿಸುತ್ತವೆ: ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಒಂದರ ಪರಿಪಾಕದಿಂದ ಇನ್ನೊಂದು ಎಂಬುದು ಅಲ್ಲಿಯ ಕ್ರಮ. ಈ ಸರಣಿಯಲ್ಲಿ ರಕ್ತಕ್ಕೆ ಎರಡನೆಯ ಸ್ಥಾನ, ಎಲುಬಿನೊಳಗಿನ ಮಜ್ಜೆಗೆ ಆರನೆಯದು. ರಕ್ತ ಮೊದಲು, ಮಜ್ಜೆ ಎಷ್ಟೋ ಆಮೇಲೆ. ಯುರೋಪಿನ ಪ್ರಾಚೀನ ವೈದ್ಯರೂ ಮಜ್ಜೆಯನ್ನು ಎಲುಬಿನ ಆಹಾರವೆಂದೇ ಬಗೆದಿದ್ದರು. ಈ ಕ್ರಮ ತಲೆಕೆಳಗಾದದ್ದು 1868ರಲ್ಲಿ. ಆಗ ಪ್ರಷ್ಯಕ್ಕೆ ಸೇರಿದ್ದ, ಇಂದು ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಕ್ಕೆ ಸೇರಿರುವ ಕೋನಿಗ್ಸ್‌ಬರ್ಗ್ ನಗರದಲ್ಲಿ ಎರ್ನ್‌ಸ್ಟ್ ನಾಯ್‌ಮನ್ ಎಂಬ ಪ್ರಾಧ್ಯಾಪಕರು ಮನುಷ್ಯರ ಮತ್ತು ಮೊಲಗಳ ಎಲುಬುಗಳನ್ನು ಹಿಂಡಿ, ಹೊರಬಂದ ಕೆಂಪು ದ್ರವವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡಿದರು. ಬಲಿತ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇರುವುದಿಲ್ಲ. ಇಲ್ಲಿ ಕಂಡವುಗಳಲ್ಲಿ ಅದು ಇನ್ನೂ ಇತ್ತು. ಎಂದರೆ ಅವು ಎಳೆಯ ಕಣಗಳು. ಮಜ್ಜೆಯೇ ರಕ್ತದ ಹೆರಿಗೆಮನೆ ಎಂದು ಅವರು ಸಾರಿದರು. ಅದೇ ವರ್ಷ ಇಟಲಿಯ ಜೂಲಿಯೊ ಬಿಝೊಜೆರೊ ಎಂಬುವರೂ ಸ್ವತಂತ್ರವಾಗಿ ಇದೇ ನಿರ್ಣಯಕ್ಕೆ ಬಂದರು. ನಂಬಿದವರು ಕಡಿಮೆ. ನಂಬುವುದಕ್ಕೆ ಕೆಲವು ದಶಕಗಳೇ ಹಿಡಿದುವು.

1868ನೆಯ ಇಸವಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. ಯೇನಾ ನಗರದಲ್ಲಿ ಜೀವವಿಕಾಸವಾದವನ್ನು ಉತ್ಸಾಹದಿಂದ ಬೋಧಿಸುತ್ತಿದ್ದ ಎರ್ನ್‌ಸ್ಟ್ ಹೆಕೆಲ್ ಆ ವರ್ಷ ಪ್ರಕಟಿಸಿದ ಗ್ರಂಥದಲ್ಲಿ ‘ಶ್ಟಾಮ್‌ಟ್ಸೆಲೆ’ ಎಂಬ ಪದವನ್ನು ಬಳಸಿದರು. ‘ಶ್ಟಾಮ್’ ಎಂದರೆ ಜರ್ಮನ್ ಭಾಷೆಯಲ್ಲಿ ಮರದ ಬೊಡ್ಡೆ. ಕುಲ, ವಂಶ ಎಂಬ ಅರ್ಥವೂ ಉಂಟು. ಸಕಲ ಜೀವಿಗಳ ವಂಶವೃಕ್ಷದ ಬುಡದಲ್ಲಿ ಇದ್ದಿರಬೇಕಾದ ಏಕಕೋಶ ಜೀವಿಗೆ ಅವರು ಇಟ್ಟ ಹೆಸರು ಅದು. ಮುಂದೆ ಫಲಿತಗೊಂಡ ಅಂಡಕ್ಕೂ ಅದನ್ನೇ ಅನ್ವಯಿಸಿದರು. ಈ ಪದ ಇಂಗ್ಲಿಷಿಗೆ ಬಂದು ‘ಸ್ಟೆಮ್ ಸೆಲ್’ ಆದಾಗ ವಂಶದ ಅರ್ಥ ದಾರಿಯಲ್ಲಿ ಸೋರಿಹೋಗಿ ಕಾಂಡದ ಅರ್ಥ ಮಾತ್ರ ಉಳಿಯಿತು. ಕನ್ನಡದಲ್ಲಿಯೂ ಕೆಲವರು ಅದನ್ನೇ ಹಿಡಿದು ‘ಕಾಂಡಕೋಶ’ ಎಂದಿದ್ದಾರೆ. ‘ಆಕರಕೋಶ’ ಎಂದವರೇ ವಾಸಿ ಎಂದು ನನ್ನ ಮತ. ಕಾಂಡಕೋಶವೆಂದೊಡನೆ ಬಾಳೆಯ ದಿಂಡು ಕಣ್ಣಮುಂದೆ ಬರುತ್ತದೆಯೇ ಹೊರತು ರಕ್ತವಲ್ಲ.

ರಕ್ತಕ್ಕೆ ಆಕರವೊಂದು ಇರಲೇಬೇಕೆಂಬುದಕ್ಕೆ ಲೆಕ್ಕವೇ ಸಾಕ್ಷಿ. ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳದು ಎಂಟು ಹತ್ತು ದಿನ. ಸೋಂಕಿಗೆ ಮೊದಲು ಎದುರು ನಿಲ್ಲುವ ಬಿಳಿಯ ಕಣಗಳಂತೂ ರಕ್ತದ ಹರಿವಿನಲ್ಲಿ ಒಂದು ದಿನವನ್ನು ಪೂರೈಸುವುದೂ ಅಪರೂಪ. ನಾನು ಈ ಮಾತು ಆಡುತ್ತಿರುವಾಗಲೂ ನಿಮ್ಮ ನಮ್ಮೆಲ್ಲರ ಎಲುಬುಗಳಲ್ಲಿ ಕೆಂಪು ಕಣಗಳೇ ಸೆಕೆಂಡಿಗೆ ಸುಮಾರು 20 ಲಕ್ಷದಂತೆ ಹುಟ್ಟುತ್ತಿವೆ. ಜೀವಮಾನವಿಡೀ ನಿಲ್ಲದ ಈ ವೆಚ್ಚಕ್ಕೆ ಬಂಡವಾಳ ಎಲ್ಲಿಯದು? ಬಡ್ಡಿಯನ್ನಷ್ಟೇ ಕೊಟ್ಟು ಅಸಲನ್ನು ಕಾಪಾಡಿಕೊಳ್ಳುವ ಕೋಶವೊಂದು ಇರಬೇಕು. ಅದರ ಸಂತತಿಯಲ್ಲಿ ಕೆಲವು ರಕ್ತಕಣಗಳಾಗುವ ದಾರಿ ಹಿಡಿದರೆ, ಕೆಲವು ಮೂಲ ಕೋಶದ ಹಾಗೆಯೇ ಉಳಿಯಬೇಕು. 1909ರಲ್ಲಿ ರಷ್ಯದ ಅಲೆಕ್ಸಾಂಡರ್ ಮ್ಯಾಕ್ಸಿಮೋವ್ ಬರ್ಲಿನ್ನಿನ ರಕ್ತಶಾಸ್ತ್ರಜ್ಞರ ಸಭೆಯ ಮುಂದೆ, ಎಲ್ಲ ಬಗೆಯ ರಕ್ತಕಣಗಳಿಗೂ ಮೂಲವಾದ ಇಂಥ ಸಮಾನ ಕೋಶವೊಂದಿದೆ ಎಂದು ವಾದಿಸಿದರು. ಒಂದಲ್ಲ, ಬೇರೆ ಬೇರೆ ಕಣಗಳಿಗೆ ಬೇರೆ ಬೇರೆ ಮೂಲಗಳಿವೆ ಎಂದವರ ಪಕ್ಷವೂ ಬಲವಾಗಿತ್ತು. ಪಾಲ್ ಎರ್ಲಿಕ್‌ರಂಥ ಘಟಾನುಘಟಿಗಳು ಆ ಕಡೆ ಇದ್ದರು.

ಅದ್ವೈತವೋ ದ್ವೈತವೋ ಎಂಬಂತೆ ನಡೆದ ಈ ವಾಗ್ವಾದ ಅರ್ಧ ಶತಮಾನ ಮುಗಿಯಲಿಲ್ಲ. ಮುಗಿಯುವಂತೆಯೂ ಇರಲಿಲ್ಲ. ಎರಡು ಪಕ್ಷದವರ ಕೈಯಲ್ಲಿಯೂ ಇದ್ದದ್ದು ಬಣ್ಣ ಹಚ್ಚಿದ ಗಾಜಿನ ಪಟ್ಟಿಗಳು. ಹಾಗೆ ಬಣ್ಣ ಹಿಡಿಸಬೇಕಾದರೆ ಕೋಶವನ್ನು ಕೊಲ್ಲಬೇಕಾಗಿತ್ತು. ಸತ್ತ ಕೋಶದ ಮುಖ ನೋಡಿ, ಬದುಕಿದ್ದರೆ ಇದು ಮುಂದೆ ಏನಾಗುತ್ತಿತ್ತೆಂದು ಹೇಳುವುದು ಸ್ಮಶಾನದಲ್ಲಿ ಕುಳಿತು ಜಾತಕ ಬರೆದ ಹಾಗೆ. ಇಲ್ಲಿಯೇ ಆಕರಕೋಶದ ವಿಶೇಷವಿರುವುದು. ಅದಕ್ಕೆ ಹಣೆಯ ಮೇಲೆ ಯಾವ ಗುರುತೂ ಇಲ್ಲ. ನೋಡುವುದಕ್ಕೆ ಅದು ಮಜ್ಜೆಯ ಇತರ ದುಂಡನೆಯ ಸಣ್ಣ ಕೋಶಗಳಂತೆಯೇ. ಅದನ್ನು ಅರಿಯಬೇಕಾದದ್ದು ರೂಪದಿಂದಲ್ಲ, ಕೃತಿಯಿಂದ. ಮ್ಯಾಕ್ಸಿಮೋವ್ 1922ರಲ್ಲಿ ಸೋವಿಯತ್ ರಷ್ಯದಿಂದ ಪಾರಾಗಿ ಶಿಕಾಗೊ ಸೇರಿ, 1928ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರ ವಾದ ಋಜುವಾತಾಗುವುದಕ್ಕೆ ಒಂದು ಮಹಾಯುದ್ಧ ನಡೆಯಬೇಕಾಗಿತ್ತು.

1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಾಗ, ಬೆಂಕಿಯಲ್ಲಿ ಬೇಯದೆ, ಗೋಡೆಯಡಿ ಸಿಕ್ಕದೆ ಉಳಿದವರು ತಾವು ಗೆದ್ದೆವೆಂದೇ ತಿಳಿದಿದ್ದರು. ಅವರಲ್ಲಿ ಅನೇಕರು ಎರಡು ಮೂರು ವಾರಗಳ ಮೇಲೆ ಕೂದಲುದುರಿ, ಒಸಡಿನಲ್ಲಿ ರಕ್ತ ಒಸರಿ, ಮೈಮೇಲೆ ನೇರಳೆ ಕಲೆಗಳೆದ್ದು, ಜ್ವರ ಹತ್ತಿ ಸತ್ತರು. ಆಯುಷ್ಯದ ಲೆಕ್ಕವನ್ನು ಮತ್ತೆ ನೆನೆದರೆ ಈ ಎರಡು ಮೂರು ವಾರದ ಗಡುವಿನ ರಹಸ್ಯ ತಿಳಿಯುತ್ತದೆ. ವಿಕಿರಣ ಮಜ್ಜೆಯನ್ನು ಸುಟ್ಟಿತ್ತು. ರಕ್ತದಲ್ಲಿ ಆಗಲೇ ಇದ್ದ ಕಣಗಳು ತಮ್ಮ ಕಾಲ ತೀರುವವರೆಗೆ ದೇಹವನ್ನು ನಡೆಸಿದುವು. ತೀರಿದ ಮೇಲೆ ಅವುಗಳ ಜಾಗಕ್ಕೆ ಬರುವವರು ಯಾರೂ ಇರಲಿಲ್ಲ.

ಮುಂದಿನ ಯುದ್ಧ ಹೀಗೆಯೇ ನಡೆದರೆ ಏನು ಗತಿ ಎಂಬ ಭಯ ಸರ್ಕಾರಗಳ ಬೊಕ್ಕಸವನ್ನು ತೆರೆಸಿತು. ಈ ವಿಜ್ಞಾನಕ್ಕೆ ಮೊದಲು ಹಣ ಒದಗಿದ್ದು ರೋಗಿಗಳ ಮೇಲಿನ ಕರುಣೆಯಿಂದಲ್ಲ ಎಂಬ ಮಾತನ್ನು ಮುಚ್ಚಿಡಬೇಕಾಗಿಲ್ಲ. ಅಣುಬಾಂಬಿನ ಯೋಜನೆಯ ವೈದ್ಯಕೀಯ ವಿಭಾಗದಲ್ಲಿ ದುಡಿದಿದ್ದ ಶಿಕಾಗೊದ ಲಿಯಾನ್ ಜೇಕಬ್‌ಸನ್ 1949ರಲ್ಲಿ ಒಂದು ವಿಚಿತ್ರವನ್ನು ಪ್ರಕಟಿಸಿದರು. ಹೊಟ್ಟೆಯ ಎಡಗಡೆ ಪಕ್ಕೆಲುಬುಗಳ ಮರೆಯಲ್ಲಿರುವ ಗುಲ್ಮವನ್ನು ಮಾತ್ರ ಸೀಸದಿಂದ ಮುಚ್ಚಿ ಇಲಿಯ ಉಳಿದ ದೇಹಕ್ಕೆಲ್ಲ ಮಾರಕ ಪ್ರಮಾಣದ ವಿಕಿರಣ ಕೊಟ್ಟರೆ ಇಲಿ ಬದುಕುತ್ತದೆ! ಇಲಿಗಳಲ್ಲಿ ಗುಲ್ಮವೂ ರಕ್ತ ತಯಾರಿಸುವ ಅಂಗ ಎಂಬುದನ್ನು ಇಲ್ಲಿ ನೆನಪಿಡಬೇಕು. ಎರಡು ವರ್ಷಗಳ ಮೇಲೆ ಈಗಾನ್ ಲೊರೆನ್ಸ್ ಮತ್ತು ಸಂಗಡಿಗರು, ವಿಕಿರಣಕ್ಕೆ ಒಳಗಾದ ಇಲಿಗೆ ಬೇರೊಂದರ ಮಜ್ಜೆಯನ್ನು ಚುಚ್ಚಿದರೂ ಅದು ಬದುಕುತ್ತದೆಂದು ತೋರಿಸಿದರು. ಬದುಕಿಸಿದ್ದು ಏನು? ಮಜ್ಜೆಯಲ್ಲಿರುವ ಯಾವುದೋ ರಸವೇ, ಇಲ್ಲವೇ ಜೀವಂತ ಕೋಶಗಳೇ? 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ಫೋರ್ಡ್, ಲೌಟಿಟ್ ಮೊದಲಾದವರು ಇದಕ್ಕೆ ಉತ್ತರ ಕೊಟ್ಟರು. ಸೂಕ್ಷ್ಮದರ್ಶಕದಲ್ಲಿ ಸುಲಭವಾಗಿ ಗುರುತು ಹಿಡಿಯಬಹುದಾದ ವಿಲಕ್ಷಣ ವರ್ಣತಂತುವುಳ್ಳ ಇಲಿಗಳ ಮಜ್ಜೆಯನ್ನು ಅವರು ಬಳಸಿದರು. ಬದುಕುಳಿದ ಇಲಿಯ ಮಜ್ಜೆಯಲ್ಲಿ ಒಡೆದು ಬೆಳೆಯುತ್ತಿದ್ದುದು ದಾನಿಯ ಕೋಶಗಳೇ. ಮೈ ಒಂದರದು, ರಕ್ತ ಇನ್ನೊಂದರದು. ಇಂಥ ಪ್ರಾಣಿಗೆ ಅವರು ಗ್ರೀಕ್ ಪುರಾಣದ ‘ಕೈಮೆರಾ’ ಎಂಬ ಹೆಸರನ್ನು ಕೊಟ್ಟರು. ನಮ್ಮ ದೇವಾಲಯಗಳ ಕಂಬಗಳ ಮೇಲಿನ ಯಾಳಿಯನ್ನು ಬಲ್ಲವರಿಗೆ ಈ ಕಲ್ಪನೆ ಹೊಸದಲ್ಲ.

ಕೋಶವೇ ಹೌದು ಎಂದಾಯಿತು. ಆದರೆ ಮಜ್ಜೆಯ ಕೋಟ್ಯಂತರ ಕೋಶಗಳಲ್ಲಿ ಯಾವುದು? ಎಷ್ಟು? ಈ ಪ್ರಶ್ನೆ ಇತ್ಯರ್ಥವಾದದ್ದು ಕೆನಡಾದ ಟೊರಾಂಟೊ ನಗರದಲ್ಲಿ, ಒಂಟೇರಿಯೊ ಕ್ಯಾನ್ಸರ್ ಸಂಸ್ಥೆಯಲ್ಲಿ, ಇಬ್ಬರಿಂದ. ಎರ್ನೆಸ್ಟ್ ಮೆಕಲಕ್ ಟೊರಾಂಟೊದಲ್ಲಿಯೇ ಹುಟ್ಟಿ ಬೆಳೆದ ವೈದ್ಯರು. ಜೇಮ್ಸ್ ಟಿಲ್ ಬಯಲುಸೀಮೆಯ ಬೇಸಾಯಗಾರರ ಮನೆಯಿಂದ ಬಂದ ಭೌತವಿಜ್ಞಾನಿ. ಅವರು ಹುಡುಕುತ್ತಿದ್ದುದು ಆಕರಕೋಶವನ್ನಲ್ಲ. ಮಜ್ಜೆಯ ಕೋಶಗಳು ಎಷ್ಟು ವಿಕಿರಣಕ್ಕೆ ಸಾಯುತ್ತವೆ ಎಂಬ ಶುಷ್ಕವಾದ ಲೆಕ್ಕವಷ್ಟೇ ಅವರಿಗೆ ಬೇಕಾಗಿದ್ದುದು. ಇಂಥ ಪ್ರಯೋಗಗಳಲ್ಲಿ ರೂಢಿಯ ಕ್ರಮವೆಂದರೆ ಇಲಿಗಳಿಗೆ ಮಜ್ಜೆ ಚುಚ್ಚಿ, ಒಂದು ತಿಂಗಳು ಕಾದು, ಸತ್ತವೆಷ್ಟು ಉಳಿದವೆಷ್ಟು ಎಂದು ಎಣಿಸುವುದು. 1960ರ ಒಂದು ಭಾನುವಾರ, ಎಲ್ಲರೂ ಮನೆಯಲ್ಲಿರುವ ಹೊತ್ತಿನಲ್ಲಿ, ಮೆಕಲಕ್ ಪ್ರಯೋಗಶಾಲೆಗೆ ಬಂದು, ಮಜ್ಜೆ ಚುಚ್ಚಿ ಹತ್ತು ದಿನವಾಗಿದ್ದ ಇಲಿಗಳನ್ನು ಕೊಯ್ದು ನೋಡಿದರು. ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದುವು. ಬರಿಗಣ್ಣಿಗೆ ಕಾಣುವಂಥವು, ಬೆರಳಿಟ್ಟು ಎಣಿಸಬಹುದಾದಂಥವು.

ಇಂಥ ಗಂಟುಗಳು ಬೇರೆಯವರ ಕಣ್ಣಿಗೂ ಬಿದ್ದಿರಬೇಕು. ಮೆಕಲಕ್ ಮಾಡಿದ ಹೆಚ್ಚಿನ ಕೆಲಸವೆಂದರೆ ಎಣಿಸಿದ್ದು. ಯಾವ ಇಲಿಗೆ ಎಷ್ಟು ಕೋಶ ಚುಚ್ಚಿತ್ತು, ಅದರ ಗುಲ್ಮದಲ್ಲಿ ಎಷ್ಟು ಗಂಟು ಎದ್ದಿದೆ ಎಂದು ನಕ್ಷೆ ಬರೆದರೆ ಅದು ನೇರವಾದ ಗೆರೆಯಾಯಿತು. ಕೋಶ ಇಮ್ಮಡಿಯಾದರೆ ಗಂಟೂ ಇಮ್ಮಡಿ. ಈ ನೇರ ಗೆರೆಯಲ್ಲಿ ಒಂದು ದೊಡ್ಡ ಅರ್ಥ ಅಡಗಿತ್ತು. ಒಂದು ಗಂಟು ಕಟ್ಟಲು ಎರಡು ಕೋಶಗಳು ಒಂದೆಡೆ ಕೂಡಬೇಕಾಗಿದ್ದರೆ, ಕೋಶ ಇಮ್ಮಡಿಯಾದಾಗ ಗಂಟು ನಾಲ್ಮಡಿಯಾಗಬೇಕಾಗಿತ್ತು. ಹಾಗಾಗಲಿಲ್ಲವೆಂದರೆ ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನವಾಗಿರಬೇಕು. ಚುಚ್ಚಿದ ಸುಮಾರು 10,000 ಕೋಶಗಳಿಗೆ ಒಂದು ಗಂಟು. ಗಂಟನ್ನು ಬಿಡಿಸಿ ನೋಡಿದರೆ ಅದರಲ್ಲಿ ಕೆಂಪು ಕಣಗಳ ಎಳೆಯವು, ಬಿಳಿಯ ಕಣಗಳ ಎಳೆಯವು, ಕಿರುಬಿಲ್ಲೆಗಳ ತಾಯಿಕೋಶಗಳು, ಎಲ್ಲವೂ ಇದ್ದುವು.

ದೇವೀಮಾಹಾತ್ಮ್ಯದ ರಕ್ತಬೀಜಾಸುರ ಇಲ್ಲಿ ನೆನಪಾಗುವುದು ಸಹಜ. ನೆಲಕ್ಕೆ ಬಿದ್ದ ಅವನ ಒಂದೊಂದು ತೊಟ್ಟು ನೆತ್ತರಿನಿಂದಲೂ ಇನ್ನೊಬ್ಬ ರಕ್ತಬೀಜ ಏಳುತ್ತಿದ್ದ. ಪುರಾಣಕಾರನಿಗೆ ಕೋಶವಿಜ್ಞಾನ ತಿಳಿದಿತ್ತೆಂದು ಹೇಳಹೊರಟವರ ಪಂಕ್ತಿಯಲ್ಲಿ ನಾನಿಲ್ಲ. ಗಾಂಧಾರಿಯ ಕುಂಭಗಳನ್ನು ಪ್ರಯೋಗಶಾಲೆಯ ಗಾಜಿನ ಪಾತ್ರೆಗಳೆಂದು ವ್ಯಾಖ್ಯಾನಿಸುವವರು ಈಗಾಗಲೇ ಬೇಕಾದಷ್ಟಿದ್ದಾರೆ. ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ಸ್ವಾರಸ್ಯದ್ದು: ಅಸುರನ ಎಲ್ಲ ತೊಟ್ಟುಗಳಿಗೂ ಆ ಶಕ್ತಿಯಿತ್ತು, ಇಲಿಯ ಮಜ್ಜೆಯಲ್ಲಿ ಅದು ಹತ್ತು ಸಾವಿರಕ್ಕೆ ಒಂದರ ಸ್ವತ್ತು.

ಈ ಫಲಿತಾಂಶ 1961ರ ಫೆಬ್ರವರಿಯಲ್ಲಿ ವಿಕಿರಣ ಸಂಶೋಧನೆಯ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ಶೀರ್ಷಿಕೆ ವಿಕಿರಣದ ಅಳತೆಯನ್ನು ಕುರಿತದ್ದು. ಓದಿ ಯಾರೂ ಬೆಚ್ಚಿಬೀಳಲಿಲ್ಲ. ಒಂದು ಗಂಟಿಗೆ ಒಂದು ಕೋಶ ಎಂಬುದು ಇನ್ನೂ ತರ್ಕವೇ ಆಗಿತ್ತು, ಪ್ರತ್ಯಕ್ಷವಾಗಿರಲಿಲ್ಲ. ಅವರ ಶಿಷ್ಯ ಆಂಡ್ರೂ ಬೆಕರ್ 1963ರಲ್ಲಿ ಅದನ್ನು ಪ್ರತ್ಯಕ್ಷ ಮಾಡಿದರು. ಮಜ್ಜೆಯ ಕೋಶಗಳಿಗೆ ಸಾಯದಷ್ಟು ವಿಕಿರಣ ಕೊಟ್ಟರೆ ಕೆಲವುಗಳ ವರ್ಣತಂತುಗಳು ಅಡ್ಡಾದಿಡ್ಡಿ ಮುರಿದು ಕೂಡಿಕೊಳ್ಳುತ್ತವೆ. ಈ ಮುರಿತ ಒಂದೊಂದು ಕೋಶದಲ್ಲಿ ಒಂದೊಂದು ಬಗೆ, ದನಗಳಿಗೆ ಹಾಕುವ ಬರೆಯ ಗುರುತಿನಂತೆ. ಅಂಥ ಗುರುತುಳ್ಳ ಗಂಟುಗಳನ್ನು ಪರೀಕ್ಷಿಸಿದಾಗ, ಒಂದು ಗಂಟಿನ ಒಡೆಯುತ್ತಿರುವ ಕೋಶಗಳಲ್ಲೆಲ್ಲ ಒಂದೇ ಗುರುತು. ಅದೇ ವರ್ಷ ಲೂಯಿ ಸಿಮಿನೊವಿಚ್‌ರೊಡನೆ ಸೇರಿ ಇವರು ಒಂದು ಗಂಟಿನ ಕೋಶಗಳನ್ನು ತೆಗೆದು ಹೊಸ ಇಲಿಗಳಿಗೆ ಚುಚ್ಚಿದಾಗ ಮತ್ತೆ ಗಂಟುಗಳೆದ್ದುವು. ಎಂದರೆ ಅಸಲು ಉಳಿದಿತ್ತು. ಎಲ್ಲ ಗಂಟುಗಳಲ್ಲಿಯೂ ಸಮನಾಗಿ ಅಲ್ಲ. ಕೆಲವುಗಳಿಂದ ಹಲವಾರು ಗಂಟು, ಕೆಲವುಗಳಿಂದ ಒಂದೂ ಇಲ್ಲ. ಆಕರಕೋಶ ತಾನಾಗಿ ಉಳಿಯುವುದೋ ರಕ್ತವಾಗಿ ಹರಿಯುವುದೋ ಎಂಬುದನ್ನು ಪಗಡೆಯ ದಾಳದಂತೆ ಸಂಭವನೀಯತೆಯ ಲೆಕ್ಕಕ್ಕೆ ಒಳಪಡಿಸಬಹುದೆಂದು 1964ರಲ್ಲಿ ಟಿಲ್ ಮತ್ತು ಸಂಗಡಿಗರು ಬರೆದರು. ಭೌತವಿಜ್ಞಾನಿಯೊಬ್ಬರು ಜೊತೆಯಲ್ಲಿದ್ದುದರ ಫಲ ಇದು.

ಗುಲ್ಮದ ಗಂಟು ಕಟ್ಟುವ ಕೋಶಗಳು ಮೂಲಪುರುಷರಲ್ಲ, ಮೂಲಕ್ಕಿಂತ ಒಂದೆರಡು ತಲೆಮಾರು ಈಚಿನವು ಎಂದು ಮುಂದಿನ ಸಂಶೋಧನೆಗಳು ತಿದ್ದಿವೆ. ನಿಜವಾದ ಮೂಲ ಇನ್ನೂ ವಿರಳ. ಇಲಿಯಲ್ಲಿ ಅದನ್ನು ಬೇರ್ಪಡಿಸಿದ್ದು 1988ರಲ್ಲಿ, ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ, ಅರ್ವಿಂಗ್ ವೈಸ್‌ಮನ್‌ರ ತಂಡ. ಇದರಿಂದ ಟೊರಾಂಟೊದವರ ಕೆಲಸದ ಬೆಲೆ ಕುಗ್ಗುವುದಿಲ್ಲ. ಆಕರಕೋಶವನ್ನು ಅದರ ಕೃತಿಯಿಂದ ಎಣಿಸುವ ದಾರಿಯನ್ನು ತೋರಿಸಿದವರು ಅವರೇ. ಇಬ್ಬರಿಗೂ 2005ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ. ಮೆಕಲಕ್ 2011ರಲ್ಲಿ ತೀರಿಕೊಂಡರು.

ಪ್ರಯೋಗಶಾಲೆಯಲ್ಲಿ ಗಂಟುಗಳನ್ನು ಎಣಿಸುವುದಕ್ಕೂ ಮುಂಚೆಯೇ ಆಸ್ಪತ್ರೆಗಳಲ್ಲಿ ಮಜ್ಜೆಯನ್ನು ಮನುಷ್ಯರಿಗೆ ಚುಚ್ಚಲು ತೊಡಗಿದ್ದರು. ರಕ್ತದ ಕ್ಯಾನ್ಸರಿನಲ್ಲಿ ಕೆಡುವುದು ಮಜ್ಜೆ. ಕೆಟ್ಟದ್ದನ್ನು ವಿಕಿರಣದಿಂದ ಪೂರ್ತಿ ಸುಟ್ಟು ಆರೋಗ್ಯವಂತರ ಮಜ್ಜೆಯನ್ನು ನೆಟ್ಟರೆ? ಅಮೆರಿಕದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಡೊನಾಲ್ ಥಾಮಸ್ ಮಾಡಿದ ಇಂಥ ಮೊದಲ ಪ್ರಯತ್ನಗಳ ವರದಿ 1957ರಲ್ಲಿ ಬಂತು. ಆರು ಜನ ರೋಗಿಗಳು. ಇಬ್ಬರಲ್ಲಿ ಮಾತ್ರ ನಾಟಿ ಕೆಲಕಾಲ ಹಿಡಿಯಿತು. ಆರು ಜನರೂ ಸತ್ತರು. ಮರುವರ್ಷ ಅಕ್ಟೋಬರ್ 15ರಂದು ಯುಗೋಸ್ಲಾವಿಯದ ಬೆಲ್‌ಗ್ರೇಡ್ ಬಳಿಯ ವಿನ್ಚಾ ಅಣುಸ್ಥಾವರದಲ್ಲಿ ಆರು ಮಂದಿ ವಿಕಿರಣಕ್ಕೆ ಸಿಕ್ಕಿದರು. ಅವರನ್ನು ಪ್ಯಾರಿಸ್ಸಿಗೆ ಒಯ್ದರು. ಅಲ್ಲಿ ಜಾರ್ಜ್ ಮಾತೆ ಅವರಲ್ಲಿ ಐವರಿಗೆ, ಸ್ವಇಚ್ಛೆಯಿಂದ ಮುಂದೆ ಬಂದ ಫ್ರೆಂಚರ ಮಜ್ಜೆಯನ್ನು ಕೊಟ್ಟರು. ಒಬ್ಬರು ಸತ್ತರು, ನಾಲ್ವರು ಬದುಕಿದರು. ಪರಕೀಯ ಮಜ್ಜೆ ಕೆಲವು ವಾರ ನಿಂತು ಮರೆಯಾಯಿತು, ಅವರವರ ಸ್ವಂತ ಮಜ್ಜೆ ಚೇತರಿಸಿಕೊಂಡಿತು. ನಾಟಿಯೇ ಉಳಿಸಿತೋ, ನಾಟಿಯಿಲ್ಲದೆಯೂ ಉಳಿಯುತ್ತಿದ್ದರೋ ಎಂಬ ಚರ್ಚೆ ಬಹುಕಾಲ ನಡೆಯಿತು.

ಉಳಿದ ಕಡೆಗಳಲ್ಲಿ ಹೀಗೂ ಆಗಲಿಲ್ಲ. 1970ರ ಹೊತ್ತಿಗೆ ನಾನಾ ದೇಶಗಳಲ್ಲಿ ನಡೆದಿದ್ದ ಸುಮಾರು 200 ನಾಟಿಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾಟಿ ಹಿಡಿದು ರೋಗಿಯೂ ಬಹುಕಾಲ ಉಳಿದ ನಿದರ್ಶನಗಳು ಬೆರಳೆಣಿಕೆಯಷ್ಟು. ಮಜ್ಜೆ ಹಿಡಿಯದೆ ಸತ್ತವರು ಕೆಲವರಾದರೆ, ಹಿಡಿದದ್ದರಿಂದಲೇ ಸತ್ತವರು ಕೆಲವರು. ಏಕೆಂದರೆ ಮಜ್ಜೆಯೊಡನೆ ದಾನಿಯ ಕಾವಲು ಪಡೆಯೂ ಒಳಹೊಗುತ್ತದೆ. ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರದೇಶವೆಂದು ಬಗೆದು ಅದು ದಂಡೆತ್ತುತ್ತದೆ. ಬೇರೆ ಅಂಗಗಳ ಕಸಿಯಲ್ಲಿ ಮನೆಯವರು ಅತಿಥಿಯನ್ನು ಹೊರಗಟ್ಟುವ ಭಯ. ಇಲ್ಲಿ ಅತಿಥಿಯೇ ಮನೆಯವರನ್ನು ಹೊರಗಟ್ಟುವ ಭಯ.

ಇಷ್ಟು ಜನರ ಮೇಲೆ ಪ್ರಯೋಗ ಮಾಡಬಹುದಾಗಿತ್ತೇ ಎಂಬ ಪ್ರಶ್ನೆಯನ್ನು ಹಾದು ಮುಂದಕ್ಕೆ ಹೋಗುವಂತಿಲ್ಲ. ಅವರೆಲ್ಲ ಬೇರೆ ದಾರಿಯಿಲ್ಲದ ರೋಗಿಗಳೆಂಬುದು ನಿಜ. ದಾರಿಯಿಲ್ಲದವರೆಂಬ ಒಂದೇ ಕಾರಣಕ್ಕೆ ಯಾವ ದಾರಿಯನ್ನಾದರೂ ಹಿಡಿಸಬಹುದೆಂಬುದು ನಿಜವಲ್ಲ. ಬಹುಮಂದಿ ವೈದ್ಯರು ಈ ಕೆಲಸವನ್ನೇ ಕೈಬಿಟ್ಟರು. ಥಾಮಸ್ ಬಿಡಲಿಲ್ಲ, ನಾಯಿಗಳ ಮೇಲಿನ ಪ್ರಯೋಗಕ್ಕೆ ಹಿಂದಿರುಗಿ, 1963ರಲ್ಲಿ ಸಿಯಾಟಲ್ ಸೇರಿ ವರ್ಷಗಟ್ಟಲೆ ತಾಳ್ಮೆಯಿಂದ ದುಡಿದರು. ಪತ್ನಿ ಡಾರತಿ ಥಾಮಸ್ ಆ ಎಲ್ಲ ಕಾಲದಲ್ಲಿಯೂ ಪ್ರಯೋಗಶಾಲೆಯಲ್ಲಿ ಅವರ ಬಲಗೈ. ಈ ನಡುವೆ ಪ್ಯಾರಿಸ್ಸಿನ ಜಾನ್ ದೊಸೆ 1958ರಲ್ಲಿ ಆರಂಭಿಸಿದ ಸಂಶೋಧನೆಯಿಂದ, ರಕ್ತದ ಗುಂಪುಗಳಂತೆಯೇ ಬಿಳಿಯ ಕಣಗಳಿಗೂ ಗುಂಪುಗಳಿವೆ, ಒಡಹುಟ್ಟಿದವರಲ್ಲಿ ಅವು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಎಂದು ಗೊತ್ತಾಯಿತು. 1968ರಲ್ಲಿ ಮಿನೆಸೋಟದಲ್ಲಿ ರಾಬರ್ಟ್ ಗುಡ್‌ರ ತಂಡ, ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ್ದ ಹಸುಳೆಗೆ ಅದರ ಅಕ್ಕನ ಮಜ್ಜೆ ಕೊಟ್ಟು ಬದುಕಿಸಿತು. 1977ರಲ್ಲಿ ಥಾಮಸ್ ತಮ್ಮ ನೂರು ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಎಲ್ಲರೂ ರಕ್ತದ ಕ್ಯಾನ್ಸರಿನ ಕೊನೆಯ ಹಂತದವರು. ಉಳಿದು ರೋಗಮುಕ್ತರಾಗಿದ್ದವರು 13. ಸತ್ತ 87 ಜನರನ್ನು ಅವರು ಅಡಗಿಸಲಿಲ್ಲ. ರೋಗ ಉಲ್ಬಣಿಸುವವರೆಗೆ ಕಾಯದೆ ತಗ್ಗಿರುವಾಗಲೇ ನಾಟಿ ಮಾಡಬೇಕೆಂಬುದು ಆ ಲೆಕ್ಕದಿಂದಲೇ ಹೊಳೆಯಿತು. ಹಾಗೆ ಮಾಡಿದಾಗ, 1979ರ ವರದಿಯಲ್ಲಿ, ಉಳಿದವರು ಅರ್ಧಕ್ಕಿಂತ ಹೆಚ್ಚು. ಥಾಮಸ್‌ರಿಗೆ 1990ರಲ್ಲಿ ನೊಬೆಲ್ ದೊರೆಯಿತು.

ಭ್ರೂಣದ ಆಕರಕೋಶಗಳನ್ನು 1981ರಲ್ಲಿ ಇಲಿಯಿಂದಲೂ 1998ರಲ್ಲಿ ಮನುಷ್ಯರಿಂದಲೂ ಪಡೆದದ್ದು, 2006ರಲ್ಲಿ ಕ್ಯೋಟೊದ ಶಿನ್ಯಾ ಯಮನಾಕ ನಾಲ್ಕು ಜೀನ್‌ಗಳನ್ನು ಸೇರಿಸಿ ಬಲಿತ ಕೋಶವನ್ನು ಮತ್ತೆ ಬಾಲ್ಯಕ್ಕೆ ತಿರುಗಿಸಿದ್ದು, ಇವು ಬೇರೆಯೇ ಭಾಷಣಕ್ಕೆ ವಸ್ತು. ಅವುಗಳ ಕೀರ್ತಿ ದೊಡ್ಡದು. ರೋಗಿಗಳ ಹಾಸಿಗೆಯ ಬಳಿ ನಿಂತು ನೋಡಿದರೆ ಇಂದಿಗೂ ಬಹುಪಾಲು ಕೆಲಸ ನಡೆಸುತ್ತಿರುವುದು ರಕ್ತದ ಹಳೆಯ ಆಕರಕೋಶವೇ. ಆದರೆ ಹೆಸರಿಗೆ ಬಂದ ಕೀರ್ತಿಯನ್ನು ಮಾರಾಟಕ್ಕಿಟ್ಟವರಿದ್ದಾರೆ. ಮಂಡಿನೋವಿನಿಂದ ಹಿಡಿದು ಮಕ್ಕಳ ಬುದ್ಧಿಮಾಂದ್ಯದವರೆಗೆ ಎಲ್ಲಕ್ಕೂ ಆಕರಕೋಶವೇ ಮದ್ದೆಂದು ಸಾರುವ ಚಿಕಿತ್ಸಾಲಯಗಳು ನಮ್ಮ ದೊಡ್ಡ ನಗರಗಳಲ್ಲಿಯೂ ತಲೆಯೆತ್ತಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ರಕ್ತಸಂಬಂಧವಾದ ರೋಗಗಳಲ್ಲಿ ಮಾಡುವ ನಾಟಿಯ ಹೊರತು ಬೇರೆ ಬಳಕೆಗಳನ್ನು ಚಿಕಿತ್ಸೆಯೆಂದು ಒಪ್ಪದೆ, ಅನುಮತಿ ಪಡೆದ ಪರೀಕ್ಷೆಗಳಲ್ಲಿ ಮಾತ್ರ ನಡೆಸಬೇಕೆಂದು ವಿಧಿಸಿತು. ಥಾಮಸ್ ತಮ್ಮ 87 ಸಾವುಗಳನ್ನು ಅಚ್ಚುಹಾಕಿಸಿದರು. ಈ ಚಿಕಿತ್ಸಾಲಯಗಳ ಜಾಹೀರಾತಿನಲ್ಲಿ ಗುಣವಾದವರ ಚಿತ್ರಗಳಿರುತ್ತವೆ; ಎಷ್ಟು ಜನರಲ್ಲಿ ಎಷ್ಟು ಎಂಬ ಅಂಕಿ ಇರುವುದಿಲ್ಲ.

ಭಾರತದಲ್ಲಿ ಮಜ್ಜೆಯ ನಾಟಿ ಆರಂಭವಾದದ್ದು 1983ರಲ್ಲಿ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ. ತಿಂಗಳು ತಿಂಗಳೂ ರಕ್ತ ಹಾಕಿಸಿಕೊಂಡೇ ಬದುಕಬೇಕಾದ ಥಲಸ್ಸೀಮಿಯದ ಮಕ್ಕಳಿಗೆ ಇದೊಂದು ಬಿಡುಗಡೆಯ ಬಾಗಿಲು. ಹೊಂದುವ ಅಣ್ಣನೋ ತಂಗಿಯೋ ಇದ್ದರೆ, ಹಣವೂ ಒದಗಿದರೆ. ಈಗ ಹಲವು ಸಲ ಎಲುಬನ್ನು ಚುಚ್ಚುವುದೂ ಇಲ್ಲ. ಔಷಧ ಕೊಟ್ಟು ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ತೋಳಿನ ನರದಿಂದ ಸೋಸಿ ತೆಗೆಯುತ್ತಾರೆ. ರೋಗಿಗೆ ಕೊಡುವುದೂ ಬಾಟಲಿಯ ರಕ್ತ ಏರಿಸಿದ ಹಾಗೆಯೇ. ನೋಡುವವರಿಗೆ ಇಷ್ಟೇ ಏನು ಎನ್ನಿಸುತ್ತದೆ. ಎಲುಬಿನ ಮನೆಯನ್ನು ಆ ಕೋಶಗಳು ತಾವಾಗಿಯೇ ಹುಡುಕಿಕೊಂಡು ಸೇರುತ್ತವೆ. ತಂಗಿಯ ಕೋಶ ಪಡೆದ ಅಣ್ಣನ ರಕ್ತದಲ್ಲಿ ಆಮೇಲೆ ಕಾಣುವುದು ಹೆಣ್ಣಿನ ವರ್ಣತಂತು. ಇಬ್ಬರ ರಕ್ತದ ಗುಂಪು ಬೇರೆಯಾಗಿದ್ದರೆ ಅಣ್ಣನದು ಬದಲಾಗಿ ತಂಗಿಯದಾಗುತ್ತದೆ.

ಅದಕ್ಕೆ ಮುಂಚೆ ಎರಡು ಮೂರು ವಾರಗಳ ಕಾಯುವಿಕೆಯಿದೆ. ಸ್ವಂತ ಮಜ್ಜೆಯನ್ನು ಸುಟ್ಟಾಗಿದೆ, ಹೊಸದು ಇನ್ನೂ ಬೇರೂರಿಲ್ಲ. ಹುಡುಗನನ್ನು ಗಾಳಿ ಸೋಸಿದ ಕೋಣೆಯಲ್ಲಿ ಒಂಟಿಯಾಗಿ ಮಲಗಿಸಿರುತ್ತಾರೆ. ದಿನವೂ ಬೆಳಗ್ಗೆ ಒಂದಿಷ್ಟು ರಕ್ತ ತೆಗೆದು ಬಿಳಿಯ ಕಣಗಳನ್ನು ಎಣಿಸುತ್ತಾರೆ. ಒಂದು ಘನ ಮಿಲಿಮೀಟರಿನಲ್ಲಿ ಸೊನ್ನೆ, ಮರುದಿನವೂ ಸೊನ್ನೆ, ಆಮೇಲೆ ಒಂದು ದಿನ ನಲವತ್ತೋ ಐವತ್ತೋ. ಅದು 500 ದಾಟಿ ಮೂರು ದಿನ ನಿಂತರೆ ನಾಟಿ ಹಿಡಿಯಿತೆಂದು ಲೆಕ್ಕ. ಆ ಅಂಕಿ ಬರೆದ ಚೀಟಿಗಾಗಿ ತಾಯಿತಂದೆಯರು ಕೋಣೆಯ ಹೊರಗಿನ ಬೆಂಚಿನ ಮೇಲೆ ಬೆಳಗ್ಗೆ ಆರಕ್ಕೇ ಬಂದು ಕುಳಿತಿರುತ್ತಾರೆ.